ಬೆಳೆಯೋ ಮಕ್ಕಳ ಬಟ್ಟೆ

ಹಳೆಯ ಶಾಲೆಯ ಗ್ರೂಪ್ ಫೋಟೊವನ್ನು ಕಾಲಿನಿಂದ ಮೇಲಕ್ಕೆ ನೋಡಬೇಕು. ಎಲ್ಲರೂ ಮೊದಲು ಹುಡುಕುವುದು ಮುಖವನ್ನು. ನಮ್ಮಜ್ಜ ಯಾರು, ಆ ಮೂಲೆಯಲ್ಲಿ ನಿಂತವನು ಯಾರು ಎಂದು ಗಾಜಿನ ಮೇಲೆ ಬೆರಳು ಓಡಾಡುತ್ತದೆ. ಮುಖ ಸಿಕ್ಕಿತೆಂದರೆ ಫೋಟೊ ಮತ್ತೆ ಮೊಳೆಗೆ ಹೋಗುತ್ತದೆ. ಕೆಳಗಿನಿಂದ ನೋಡಿದರೆ ಅಷ್ಟು ಬೇಗ ಮುಗಿಯುವುದಿಲ್ಲ. ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಚಿಕ್ಕವರ ಸಾಲು, ಎಲ್ಲರದೂ ಬರಿಗಾಲು. ಮೊಣಕಾಲಿನ ಕೆಳಗೆ ಎಣ್ಣೆ ಹಚ್ಚಿ ತಿಕ್ಕಿದ ಹೊಳಪು, ಅದರ ಮೇಲೆ ಆಗಲೇ ಕೂತ ಧೂಳು. ಒಬ್ಬನ ಚಡ್ಡಿಯ ಲಾಡಿ ಅಂಗಿಯ ಕೆಳಗೆ ಇಳಿಬಿದ್ದಿದೆ. ಪಕ್ಕದವನ ಅಂಗಿ ಮೊಣಕಾಲು ಮುಟ್ಟುವಷ್ಟು ಉದ್ದವಿರುವುದರಿಂದ ಒಳಗೆ ಚಡ್ಡಿ ಇದೆಯೋ ಇಲ್ಲವೋ ಹೇಳಲಾಗದು. ಮೂರನೆಯವನ ತೋಳು ಬೆರಳಿನ ತುದಿಯವರೆಗೂ ಬಂದಿದೆ. ಆ ತೋಳನ್ನು ಎರಡು ಸುತ್ತು ಮಡಿಸಿದವರು ಅವನ ಅವ್ವ ಇರಬೇಕು, ಮಡಿಕೆ ಅಷ್ಟು ನೇರವಾಗಿದೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಮನೆಗಳ ಪಡಸಾಲೆಗಳಲ್ಲಿ, ಹಳೆಯ ಮಾಧ್ಯಮಿಕ ಶಾಲೆಗಳ ಆಫೀಸು ಕೋಣೆಗಳಲ್ಲಿ ಇಂಥ ಫೋಟೊಗಳು ಇನ್ನೂ ಉಳಿದಿವೆ. ಈ ಊರುಗಳೆಲ್ಲ ಇಂದು ದಾವಣಗೆರೆ ಜಿಲ್ಲೆಗೆ ಸೇರಿದವು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರಲ್ಲಿ ಆ ಜಿಲ್ಲೆ ಹುಟ್ಟಿತು. ಅದಕ್ಕೂ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದವು, ಜಗಳೂರು ಚಿತ್ರದುರ್ಗದ್ದು. ನ್ಯಾಮತಿ ಹೊನ್ನಾಳಿಯೊಳಗೇ ಇದ್ದ ವ್ಯಾಪಾರದ ಊರು, ಪ್ರತ್ಯೇಕ ತಾಲ್ಲೂಕಾದದ್ದು ಇತ್ತೀಚೆಗೆ. ಜಿಲ್ಲೆಯ ಗಡಿಗಳು ಹೀಗೆ ಬದಲಾದರೂ ಮಣ್ಣು, ನೀರು ಬದಲಾಗಲಿಲ್ಲ. ಈ ಫೋಟೊಗಳಲ್ಲಿ ಮಕ್ಕಳ ಬಟ್ಟೆಯ ಬಿಳುಪನ್ನು ನಿರ್ಧರಿಸಿದ್ದು ಆ ನೀರು. ಅದಕ್ಕೆ ಆಮೇಲೆ ಬರುತ್ತೇನೆ.

ಫೋಟೊ ಹಿಡಿಯುವವರು ಆಗ ಊರೂರಿಗೆ ಇರಲಿಲ್ಲ. ದಾವಣಗೆರೆಯಿಂದಲೋ ಶಿವಮೊಗ್ಗದಿಂದಲೋ ಮೂರು ಕಾಲಿನ ಸ್ಟ್ಯಾಂಡು, ಮರದ ಕ್ಯಾಮೆರಾ, ಗಾಜಿನ ಪ್ಲೇಟುಗಳ ಪೆಟ್ಟಿಗೆ ಹೊತ್ತು ಬರಬೇಕಿತ್ತು. ಎಲ್.ಎಸ್. (ಲೋವರ್ ಸೆಕೆಂಡರಿ) ಪರೀಕ್ಷೆಗೆ ಕೂರುವ ಹುಡುಗರ ಬೀಳ್ಕೊಡುಗೆ, ಹೆಡ್‌ಮಾಸ್ತರರ ವರ್ಗಾವಣೆ, ಹೊಸ ಕಟ್ಟಡದ ಪ್ರಾರಂಭ, ಇಂಥ ಸಂದರ್ಭಕ್ಕೆ ಕರೆಸುತ್ತಿದ್ದರು. ಶಾಲೆಯ ಗೋಡೆಯ ಮುಂದೆ ಬೆಂಚುಗಳನ್ನು ಹಾಕಿ, ನಡುವೆ ಮೇಷ್ಟ್ರುಗಳಿಗೆ ಕುರ್ಚಿ ಇಟ್ಟು, ಎತ್ತರದ ಹುಡುಗರನ್ನು ಹಿಂದೆ ಬೆಂಚಿನ ಮೇಲೆ ಹತ್ತಿಸಿ, ಚಿಕ್ಕವರನ್ನು ನೆಲದ ಮೇಲೆ ಕೂರಿಸಿ, ಒಬ್ಬನ ಕೈಗೆ ಇಸವಿ ಬರೆದ ಸ್ಲೇಟು ಕೊಡುತ್ತಿದ್ದರು. ಕರಿ ಬಟ್ಟೆಯೊಳಗೆ ತಲೆ ತೂರಿಸಿದ ಫೋಟೊಗ್ರಾಫರು ಹೊರಗೆ ಬಂದು ‘ಅಲುಗಾಡಬೇಡ್ರಪ್ಪಾ’ ಎನ್ನುವ ಹೊತ್ತಿಗೆ ಚಿಕ್ಕವನೊಬ್ಬನ ಕಣ್ಣಿಗೆ ನೊಣ ಬಂದಿರುತ್ತದೆ. ಪ್ರತಿಯೊಂದು ಫೋಟೊದಲ್ಲೂ ಹೀಗೆ ಮುಖ ಕದಡಿಹೋದ ಒಂದು ಮಗುವಿದೆ. ಅದು ಯಾರೆಂದು ಮನೆಯವರಿಗೂ ಗುರುತು ಸಿಗುವುದು ಅಂಗಿಯಿಂದಲೇ.

ಆ ಕಾಲದ ಪ್ಲೇಟುಗಳ ಒಂದು ಗುಣ ತಿಳಿದಿದ್ದರೆ ಈ ಬಟ್ಟೆಗಳನ್ನು ಸರಿಯಾಗಿ ನೋಡಬಹುದು. ಅವು ಕೆಂಪು ಬಣ್ಣವನ್ನು ಹಿಡಿಯುತ್ತಿರಲಿಲ್ಲ, ನೀಲಿಯನ್ನು ಮಾತ್ರ ಅತಿಯಾಗಿ ಹಿಡಿಯುತ್ತಿದ್ದವು. ಹಾಗಾಗಿ ಕೆಂಪು ಲಂಗ ಫೋಟೊದಲ್ಲಿ ಕಪ್ಪಗಾಯಿತು, ತಿಳಿನೀಲಿ ಅಂಗಿ ಬೆಳ್ಳಗಾಯಿತು, ಹಣೆಯ ಕುಂಕುಮ ಮಸಿಯ ಬೊಟ್ಟಾಯಿತು. ಎಲ್ಲ ಬಣ್ಣವನ್ನೂ ಹದವಾಗಿ ಹಿಡಿಯುವ ಪ್ಲೇಟು, ಫಿಲ್ಮುಗಳು ರೂಢಿಗೆ ಬಂದದ್ದು ಇಪ್ಪತ್ತು, ಮೂವತ್ತರ ದಶಕಗಳಲ್ಲಿ. ಹಿಂದಿನ ಕಾಲದ ಹುಡುಗಿಯರು ಕಪ್ಪು ಲಂಗ ಉಟ್ಟು ಶಾಲೆಗೆ ಹೋಗುತ್ತಿದ್ದರೆಂದು ಮೊಮ್ಮಕ್ಕಳು ತಿಳಿದುಕೊಂಡರೆ ತಪ್ಪು ಅವರದಲ್ಲ. ಆ ಲಂಗಗಳು ಹೆಚ್ಚಾಗಿ ಇಳಕಲ್ ಸೀರೆಯ ದಾಳಿಂಬೆ ಕೆಂಪಿನವು. ತಾಯಿಯ ಸೀರೆಯ ನಡುಭಾಗ ಸವೆದ ಮೇಲೆ ಗಟ್ಟಿ ಉಳಿದ ಎರಡು ತುದಿಯನ್ನು ಕತ್ತರಿಸಿ, ಅಂಚು ಪಾದದ ಕಡೆಗೆ ಬರುವಂತೆ ಹೊಲಿಸಿದವು. ಅಂಚಿನ ಸಾಲು ಫೋಟೊದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಲಂಗದ ಆ ಅಂಚಿನ ಮೇಲೆ ಕಣ್ಣು ನಿಲ್ಲಿಸಿದರೆ ಇನ್ನೂ ಒಂದು ಸಂಗತಿ ಕಾಣುತ್ತದೆ. ಗೇಣು ಮೇಲೆ ಅಡ್ಡಡ್ಡ ಎರಡು ಮೂರು ಮಡಿಕೆ ಹಾಕಿ ಹೊಲಿದಿರುತ್ತಾರೆ. ವರ್ಷಕ್ಕೊಂದು ಮಡಿಕೆ ಬಿಚ್ಚುವುದು. ಹುಡುಗಿ ಎರಡು ಬೆರಳು ಎತ್ತರವಾದರೆ ಲಂಗವೂ ಎರಡು ಬೆರಳು ಇಳಿಯುತ್ತದೆ. ಬಿಚ್ಚಿದ ಜಾಗದಲ್ಲಿ ಬಿಸಿಲು ಕಾಣದ ಬಟ್ಟೆ ಹೊಸದರಂತೆ ಗಾಢವಾಗಿ ಉಳಿದಿರುವುದರಿಂದ ಒಂದು ಪಟ್ಟೆ ಎದ್ದು ಕಾಣುತ್ತದೆ. ಎರಡು ಪಟ್ಟೆ ಇದ್ದರೆ ಆ ಲಂಗಕ್ಕೆ ಮೂರನೇ ವರ್ಷ ನಡೆಯುತ್ತಿದೆ ಎಂದು ಲೆಕ್ಕ. ಹುಡುಗರ ಅಂಗಿಗೂ ಇದೇ ನ್ಯಾಯ. ‘ಬೆಳೆಯೋ ಹುಡುಗ, ಒಂದೀಟು ದೊಡ್ಡದಾಗೇ ಹೊಲಿಯಣ್ಣ’ ಎಂದು ದರ್ಜಿಯ ಅಂಗಡಿಯಲ್ಲಿ ತಾಯಂದಿರು ಹೇಳುವ ಮಾತು ನೂರು ವರ್ಷದಿಂದ ಬದಲಾಗಿಲ್ಲ. ದರ್ಜಿಗೂ ಅದನ್ನು ಹೇಳಬೇಕಾಗಿಲ್ಲ. ಅವನು ಟೇಪು ಹಿಡಿಯುವಾಗಲೇ ನಾಲ್ಕು ಬೆರಳು ಸೇರಿಸಿ ಬರೆದುಕೊಂಡಿರುತ್ತಾನೆ. ಹಾಗಾಗಿ ಮೊದಲ ವರ್ಷ ಅಂಗಿಯೊಳಗೆ ಮಗು ಕಳೆದುಹೋಗಿರುತ್ತದೆ, ಎರಡನೇ ವರ್ಷ ಸರಿಹೊಂದುತ್ತದೆ, ಮೂರನೇ ವರ್ಷ ಕಂಕುಳಲ್ಲಿ ಹಿಡಿಯುತ್ತದೆ. ಒಂದೇ ಫೋಟೊದಲ್ಲಿ ಈ ಮೂರು ಹಂತದ ಅಂಗಿಗಳೂ ಅಕ್ಕಪಕ್ಕ ನಿಂತಿವೆ. ಸರಿಹೊಂದಿದ ಅಂಗಿಯ ಹುಡುಗರು ಯಾವ ಫೋಟೊದಲ್ಲೂ ಕಡಿಮೆ.

ಮೇಷ್ಟ್ರುಗಳ ಉಡುಪು ಬೇರೆಯೇ ಲೋಕ. ಜರಿ ಅಂಚಿನ ಮೈಸೂರು ಪೇಟ, ಕತ್ತಿನವರೆಗೆ ಗುಂಡಿ ಹಾಕಿದ ಉದ್ದ ಕೋಟು, ಕಚ್ಚೆ ಪಂಚೆ, ಹೆಗಲ ಮೇಲೆ ಮಡಿಸಿದ ಅಂಗವಸ್ತ್ರ, ಕಾಲಿಗೆ ಪಂಪ್ ಶೂ. ಇಡೀ ಫೋಟೊದಲ್ಲಿ ಚಪ್ಪಲಿ, ಶೂ ಕಾಣುವುದು ಕುರ್ಚಿಯ ಸಾಲಿನಲ್ಲಿ ಮಾತ್ರ. ಆ ಪೇಟ ಸರ್ಕಾರದ ಗುರುತು ಕೂಡ ಆಗಿತ್ತು. ಇನ್ಸ್‌ಪೆಕ್ಟರ್ ಸಾಹೇಬರು ಬರುವ ದಿನಕ್ಕೂ ಫೋಟೊ ದಿನಕ್ಕೂ ಅದು ಪೆಟ್ಟಿಗೆಯಿಂದ ಹೊರಬರುತ್ತಿತ್ತು. ಹುಡುಗರ ತಲೆಯೂ ಬರಿದಾಗಿರುತ್ತಿರಲಿಲ್ಲ. ಕರಿ ಟೋಪಿ, ಒಬ್ಬಿಬ್ಬರಿಗೆ ರುಮಾಲು, ಸಾಬರ ಹುಡುಗರಿಗೆ ಕುಚ್ಚಿನ ಕೆಂಪು ಟೋಪಿ. ಟೋಪಿಯ ಕೆಳಗೆ ಹಿಂದೆ ಇಳಿಬಿಟ್ಟ ಜುಟ್ಟು, ಅಥವಾ ಹೊಸದಾಗಿ ಬಂದ ಕ್ರಾಪು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಕೆಲವು ಹುಡುಗರ ಎದೆಯ ಮೇಲೆ ಅಂಗಿ ಒಂದು ಕಡೆ ಉಬ್ಬಿರುತ್ತದೆ. ಶಿವದಾರಕ್ಕೆ ಕಟ್ಟಿದ ಕರಡಿಗೆ ಅದು. ಕೋಟು ತೊಟ್ಟ ಹುಡುಗರು ಒಬ್ಬರೋ ಇಬ್ಬರೋ ಇದ್ದರೆ ಅವರು ಪಟೇಲ, ಶಾನುಭೋಗರ ಮನೆಯವರು, ಇಲ್ಲವೇ ನ್ಯಾಮತಿ ಪೇಟೆಯ ವರ್ತಕರ ಮಕ್ಕಳು. ಆ ಕೋಟಿನ ಕೆಳಗೂ ಬರಿಗಾಲೇ.

ಮೂವತ್ತರ ದಶಕದ ನಡುವಿನಿಂದ ಫೋಟೊಗಳಲ್ಲಿ ತಲೆಗಳು ಬಿಳುಪೇರುತ್ತವೆ. 1934ರಲ್ಲಿ ಹರಿಜನ ಪ್ರವಾಸದ ದಾರಿಯಲ್ಲಿ ಗಾಂಧೀಜಿ ದಾವಣಗೆರೆಗೆ ಬಂದರು. ಕರಿ ಟೋಪಿಗಳ ಸಾಲಿನಲ್ಲಿ ಒಂದು ಬಿಳಿ ಟೋಪಿ, ಮುಂದೆ ನಾಲ್ಕು, ಮುಂದೆ ಅರ್ಧ ತರಗತಿ. ಮೈಸೂರು ಸರ್ಕಾರದ ಶಾಲೆಯಲ್ಲಿ ಖಾದಿ ಟೋಪಿ ಹಾಕಿಕೊಂಡು ಕ್ಯಾಮೆರಾದ ಮುಂದೆ ಕೂರುವುದು ಹನ್ನೆರಡು ವರ್ಷದ ಹುಡುಗನಿಗೆ ಸಣ್ಣ ಧೈರ್ಯವಾಗಿರಲಿಲ್ಲ. ಆ ಟೋಪಿಯ ತೂಕ ಎಷ್ಟೆಂಬುದಕ್ಕೆ ಪಕ್ಕದ ಶಿಕಾರಿಪುರ ತಾಲ್ಲೂಕಿನ ಈಸೂರೇ ಸಾಕ್ಷಿ. 1942ರ ಸೆಪ್ಟೆಂಬರಿನಲ್ಲಿ ಆ ಹಳ್ಳಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡು, ಇಬ್ಬರು ಬಾಲಕರನ್ನೇ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿತ್ತು. ಊರೊಳಗೆ ಬಂದ ಅಧಿಕಾರಿಗಳು ಗಾಂಧಿ ಟೋಪಿ ಹಾಕಬೇಕೆಂದು ಜನ ಪಟ್ಟು ಹಿಡಿದದ್ದು ಗಲಭೆಯಾಗಿ, ನಿಜವಾದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಪ್ರಾಣ ಕಳೆದುಕೊಂಡರು. 1943ರ ಮಾರ್ಚಿನಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಲಾಯಿತು. ಹೊನ್ನಾಳಿ, ನ್ಯಾಮತಿ ಕಡೆಯ ಆ ವರ್ಷಗಳ ಶಾಲಾ ಫೋಟೊದಲ್ಲಿ ಬಿಳಿ ಟೋಪಿಯ ಹುಡುಗನೊಬ್ಬ ಗಲ್ಲ ಎತ್ತಿ ಕೂತಿದ್ದರೆ, ಅವನ ಪಕ್ಕದ ಕುರ್ಚಿಯಲ್ಲಿರುವ ಪೇಟದ ಮೇಷ್ಟ್ರು ಅವನನ್ನು ಎಬ್ಬಿಸಿ ಕಳಿಸಲಿಲ್ಲ ಎಂಬುದನ್ನೂ ಗಮನಿಸಬೇಕು. ಆ ಮೇಷ್ಟ್ರ ಮೇಲೆ ನನಗೆ ಬಹಳ ಗೌರವ.

ಈ ಹಳೆಯ ಫೋಟೊಗಳ ಕಾಲದಲ್ಲೇ ಅಮೆರಿಕದ ಶಾಲೆಗಳ ಮುಂದೆಯೂ ಮಕ್ಕಳನ್ನು ಹೀಗೇ ಸಾಲಾಗಿ ನಿಲ್ಲಿಸಿ ಫೋಟೊ ಹಿಡಿಯುತ್ತಿದ್ದರು. ಇಪ್ಪತ್ತನೇ ಶತಮಾನದ ಮೊದಲ ದಶಕಗಳ ಅಲ್ಲಿನ ತರಗತಿ ಚಿತ್ರಗಳಲ್ಲಿ ಹುಡುಗಿಯರ ನೆತ್ತಿಯ ಮೇಲೆ ಅಂಗೈ ಅಗಲದ ದೊಡ್ಡ ಟೇಪಿನ ಹೂ, ಫ್ರಾಕಿನ ಮೇಲೆ ಕೊಳೆಯಾಗದಿರಲೆಂದು ತೊಡಿಸಿದ ಬಿಳಿ ಮೇಲಂಗಿ, ಕಪ್ಪು ಕಾಲುಚೀಲ. ಹುಡುಗರಿಗೆ ಮೊಣಕಾಲಿನ ಕೆಳಗೆ ಬಿಗಿದ ತುಂಡು ಪ್ಯಾಂಟು, ಹಡಗಿನವರ ಅಗಲ ಕಾಲರಿನ ಅಂಗಿ. ಆ ಕಾಲರು ಮಕ್ಕಳ ಬಟ್ಟೆಗೆ ಬಂದದ್ದಕ್ಕೂ ಚಿತ್ರವೊಂದರ ಕಥೆಯಿದೆ. ವಿಕ್ಟೋರಿಯಾ ರಾಣಿಯ ಮಗನಿಗೆ ನಾವಿಕರ ಉಡುಪು ತೊಡಿಸಿ 1846ರಲ್ಲಿ ವಿಂಟರ್‌ಹಾಲ್ಟರ್ ಎಂಬ ಕಲಾವಿದ ಬರೆದ ಚಿತ್ರ ಎಷ್ಟು ಜನಪ್ರಿಯವಾಯಿತೆಂದರೆ ಅರ್ಧ ಜಗತ್ತಿನ ತಾಯಂದಿರು ಅದನ್ನೇ ಹೊಲಿಸಿದರು. ಉದ್ದ ಪ್ಯಾಂಟು ಸಿಗುವುದು ಹುಡುಗ ದೊಡ್ಡವನಾದ ಮೇಲೆ. ನಮ್ಮಲ್ಲೂ ಹೈಸ್ಕೂಲು ಮುಟ್ಟುವವರೆಗೆ ಚಡ್ಡಿಯೇ ಅಲ್ಲವೇ.

ಆದರೆ ಇದು ಪಟ್ಟಣದ ಶಾಲೆಗಳ ಮಾತು. ಬಾಲಕಾರ್ಮಿಕರ ಚಿತ್ರಗಳಿಂದ ಹೆಸರಾದ ಲೂಯಿಸ್ ಹೈನ್ 1916ರಲ್ಲಿ ಕೆಂಟಕಿಯ ಹಳ್ಳಿಶಾಲೆಗಳಿಗೆ ಹೋಗಿ ತೆಗೆದ ಫೋಟೊಗಳನ್ನು ನೋಡಿದರೆ ಜಗಳೂರು ಅಷ್ಟು ದೂರ ಅನ್ನಿಸುವುದಿಲ್ಲ. ಅಲ್ಲೂ ಬರಿಗಾಲು, ಅಣ್ಣನ ಅಂಗಿಯೊಳಗಿನ ತಮ್ಮ, ಒಂದೇ ಬಟ್ಟೆಯಲ್ಲಿ ಹೊಲಿದ ಅಕ್ಕತಂಗಿಯರ ಫ್ರಾಕು. ಮುಂದೆ ಮೂವತ್ತರ ದಶಕದ ಬಡತನದಲ್ಲಿ ಅಲ್ಲಿನ ರೈತರ ಹೆಂಡಂದಿರು ಹಿಟ್ಟಿನ ಚೀಲ, ದನದ ಮೇವಿನ ಚೀಲಗಳ ಬಟ್ಟೆ ಬಿಚ್ಚಿ ಮಕ್ಕಳಿಗೆ ಹೊಲಿದರು. ಅದನ್ನು ಕಂಡ ಗಿರಣಿಯವರು ಚೀಲಕ್ಕೇ ಹೂವಿನ ಅಚ್ಚು ಹಾಕಿಸಿ, ತಮ್ಮ ಹೆಸರನ್ನು ತೊಳೆದರೆ ಹೋಗುವ ಶಾಯಿಯಲ್ಲಿ ಒತ್ತಿಸಿದರು. ಅರವತ್ತು, ಎಪ್ಪತ್ತರ ದಶಕದಲ್ಲಿ ಅದೇ ಅಮೆರಿಕದಿಂದ ಕೇರ್ ಸಂಸ್ಥೆಯ ಮೂಲಕ ನಮ್ಮ ಶಾಲೆಗಳಿಗೆ ಉಪ್ಪಿಟ್ಟಿನ ರವೆ, ಹಾಲಿನ ಪುಡಿ ಬಂತು. ಎರಡು ಕೈ ಕುಲುಕುವ ಗುರುತಿನ ಆ ಚೀಲಗಳನ್ನು ನೋಡಿದವರು ಈ ತಾಲ್ಲೂಕುಗಳಲ್ಲಿ ಇನ್ನೂ ಸಾಕಷ್ಟು ಜನ ಇದ್ದಾರೆ. ಖಾಲಿ ಚೀಲ ಪಾಟಿಚೀಲವಾಗಿ ಮಕ್ಕಳ ಹೆಗಲೇರಿತು. ತಾಯಂದಿರ ಬುದ್ಧಿ ಎರಡೂ ಕಡೆ ಒಂದೇ ದಾರಿ ಹಿಡಿದಿತ್ತು.

ಈಗ ನೀರಿನ ಮಾತು. ಗ್ರೂಪ್ ಫೋಟೊ ಸಾಮಾನ್ಯವಾಗಿ ಪರೀಕ್ಷೆಗೆ ಮುಂಚೆ, ಫೆಬ್ರುವರಿ ಮಾರ್ಚಿನಲ್ಲಿ. ‘ನಾಳೆ ಎಲ್ಲರೂ ಬಿಳಿ ಬಟ್ಟೆ ಹಾಕ್ಕೊಂಡು ಬರ್ರಿ’ ಎಂದು ಮೇಷ್ಟ್ರು ಹೇಳಿ ಕಳಿಸಿದ ಸಂಜೆ ಮನೆಗಳಲ್ಲಿ ಏನೇನು ನಡೆಯುತ್ತಿತ್ತು ಎಂಬುದನ್ನು ವಯಸ್ಸಾದವರು ಇಂದೂ ಬಿಡಿಸಿ ಹೇಳುತ್ತಾರೆ. ಹೊನ್ನಾಳಿಯಲ್ಲಾದರೆ ತುಂಗಭದ್ರೆ ಇದ್ದಾಳೆ. ಬೇಸಿಗೆಯಲ್ಲಿ ಬಂಡೆಗಳ ನಡುವೆ ಸಣ್ಣಗೆ ಹರಿದರೂ ಒಂದು ಅಂಗಿ ಒಗೆಯಲು ಸಾಕು. ಸೌಳು ಮಣ್ಣು ಹಾಕಿ ಕುದಿಸಿ, ಬಂಡೆಗೆ ಬಡಿದು, ಮರಳಿನ ಮೇಲೆ ಹರವಿದರೆ ಸಂಜೆಯೊಳಗೆ ಒಣಗುತ್ತದೆ. ಚನ್ನಗಿರಿ ಕಡೆಯ ಎಷ್ಟೋ ಹಳ್ಳಿಗಳಿಗೆ ಸೂಳೆಕೆರೆ ಇದೆ. ಶಾಂತಿಸಾಗರವೆಂದು ಕರೆಯುವ ಆ ಕೆರೆ ಎಂಥ ಬರದಲ್ಲೂ ಪೂರ್ತಿ ಕೈಬಿಟ್ಟದ್ದು ಅಪರೂಪ. ಜಗಳೂರಿನಲ್ಲಿ ಮಾರ್ಚ್ ಎಂದರೆ ಬಾವಿಯ ತಳ ಕಾಣುವ ತಿಂಗಳು. ಕುಡಿಯುವ ನೀರಿಗೆ ಕೊಡ ಹೊತ್ತು ಸಾಲು ನಿಂತವಳು ಮಗನ ಅಂಗಿಗೆ ಎಷ್ಟು ನೀರು ಕೊಟ್ಟಾಳು? ಮುಖ ತೊಳೆದ ನೀರಿನಲ್ಲೇ ಅಂಗಿ, ಅಂಗಿಯ ನೀರಿನಲ್ಲೇ ಚಡ್ಡಿ. ಅದಕ್ಕೇ ಆ ಕಡೆಯ ಹಳೆಯ ಫೋಟೊಗಳಲ್ಲಿ ಬಿಳಿ ಅಂಗಿಗಳೆಲ್ಲ ತುಸು ಮಣ್ಣು ಬಣ್ಣಕ್ಕೆ ತಿರುಗಿದಂತೆ ಮಂಕಾಗಿವೆ. ಫೋಟೊ ಹಳತಾದದ್ದರಿಂದ ಹಾಗೆ ಕಾಣುತ್ತದೆಂದು ತಿಳಿಯುವವರು ಅದೇ ಫೋಟೊದಲ್ಲಿ ಮೇಷ್ಟ್ರ ಪಂಚೆ ಎಷ್ಟು ಬೆಳ್ಳಗಿದೆ ನೋಡಲಿ.

ಒಗೆದದ್ದಕ್ಕೆ ಗಂಜಿ, ಗಂಜಿಗೆ ಒಂದು ಚಿಟಿಕೆ ನೀಲಿ. ಇಸ್ತ್ರಿ ಪೆಟ್ಟಿಗೆ ಇದ್ದದ್ದು ಮಡಿವಾಳರ ಮನೆಯಲ್ಲಿ, ಸಿರಿವಂತರ ಮನೆಯಲ್ಲಿ. ಉಳಿದವರಿಗೆ ಕಂಚಿನ ತಂಬಿಗೆ. ಒಳಗೆ ಕೆಂಡ ತುಂಬಿ, ಬಾಯಿಗೆ ಬಟ್ಟೆ ಸುತ್ತಿ ಹಿಡಿದು, ಚಾಪೆಯ ಮೇಲೆ ಹಾಸಿದ ಅಂಗಿಯ ಮೇಲೆ ಉಜ್ಜುವುದು. ಅದೂ ಆಗದವರು ಮಡಿಸಿ ತಲೆದಿಂಬಿನ ಕೆಳಗೆ ಇಟ್ಟು ಮಲಗುತ್ತಿದ್ದರು. ದಿಂಬಿನಡಿ ಮಡಿಸಿಟ್ಟ ಅಂಗಿಯ ಗುರುತು ಫೋಟೊದಲ್ಲಿ ಸಿಗುತ್ತದೆ. ಎದೆಯ ಮೇಲೆ ಅಡ್ಡಕ್ಕೊಂದು, ಉದ್ದಕ್ಕೊಂದು ಗೆರೆ. ಬೆಳಿಗ್ಗೆ ತಲೆಗೆ ಹರಳೆಣ್ಣೆ, ಹುಡುಗಿಯರಿಗೆ ಕಿವಿಯ ಮೇಲೆ ಮಡಚಿ ಕಟ್ಟಿದ ಎರಡು ಜಡೆ, ಟೇಪು, ಕನಕಾಂಬರ. ಗುಂಡಿ ಹೋದ ಜಾಗಕ್ಕೆ ಪಿನ್ನು. ಕಾಲರಿನ ಮೇಲ್ಭಾಗ ಹರಿದಿದ್ದರೆ ಅದನ್ನು ಬಿಚ್ಚಿ, ತಿರುಗಿಸಿ ಹೊಲಿಯುತ್ತಿದ್ದರು. ಒಳಗಿನ ಬಟ್ಟೆ ಹೊರಗೆ ಬಂದಾಗ ಅಂಗಿಯ ಉಳಿದ ಭಾಗಕ್ಕಿಂತ ಕಾಲರು ಬೆಳ್ಳಗಾಗಿ ಹೊಳೆಯುತ್ತದೆ. ಇಷ್ಟಾದರೂ ಹಾಕಿಕೊಳ್ಳಲು ಯೋಗ್ಯವಾದದ್ದು ಇಲ್ಲದಿದ್ದರೆ ಪಕ್ಕದ ಮನೆಯಿಂದ ಎರವಲು. ಐದನೇ ತರಗತಿಯ ಫೋಟೊದಲ್ಲಿ ಒಬ್ಬನ ಮೈಮೇಲಿದ್ದ ಚೌಕಳಿ ಅಂಗಿ, ಅದೇ ದಿನ ತೆಗೆದ ಆರನೇ ತರಗತಿಯ ಫೋಟೊದಲ್ಲಿ ಇನ್ನೊಬ್ಬನ ಮೈಮೇಲೆ ಇರುವುದನ್ನು ನಾನು ಚನ್ನಗಿರಿ ಪೇಟೆಯ ಮನೆಯೊಂದರಲ್ಲಿ ಕಂಡಿದ್ದೇನೆ. ಕಾಲರಿನ ತುದಿ ಒಂದೇ ಕಡೆ ಮಡಚಿಕೊಂಡಿದೆ. ಗೋಡೆಯ ಮರೆಯಲ್ಲಿ ಒಬ್ಬ ಬಿಚ್ಚಿಕೊಟ್ಟು, ಇನ್ನೊಬ್ಬ ತೊಟ್ಟು ಓಡಿ ಬಂದು ನಿಂತದ್ದು ಕಣ್ಣಿಗೆ ಕಟ್ಟುತ್ತದೆ. ಕೊಟ್ಟವನ ಮನೆಯಲ್ಲೂ ಪಡೆದವನ ಮನೆಯಲ್ಲೂ ಇಂದು ಒಂದೊಂದು ಪ್ರತಿ ಇದೆ.

ಬಟ್ಟೆ ಎಲ್ಲಿಂದ ಬರುತ್ತಿತ್ತು ಎಂದರೆ ಹೆಚ್ಚಿನದು ದಾವಣಗೆರೆಯಿಂದ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರು ಪಡೆದ ಊರು ಅದು. ಸುತ್ತಲಿನ ಕಪ್ಪು ನೆಲದಲ್ಲಿ ಹತ್ತಿ ಬೆಳೆದವರ ಮಕ್ಕಳಿಗೆ ಅದೇ ಹತ್ತಿ ಗಿರಣಿಯಿಂದ ಕೋರಾ ಬಟ್ಟೆಯಾಗಿ ಸಂತೆಗೆ ತಿರುಗಿ ಬರುತ್ತಿತ್ತು. ಅಪ್ಪ ಒಂದೇ ಥಾನಿನಿಂದ ಬಟ್ಟೆ ಹರಿಸಿ ತಂದರೆ ಅಣ್ಣತಮ್ಮಂದಿರಿಗೆಲ್ಲ ಅದೇ ಅಂಗಿ, ತಂಗಿಗೆ ಅದೇ ಪೋಲ್ಕ, ಉಳಿದ ತುಂಡಿನಲ್ಲಿ ಪುಸ್ತಕದ ಚೀಲ. ಗ್ರೂಪ್ ಫೋಟೊದಲ್ಲಿ ಒಂದೇ ಚೌಕಳಿಯ ಮೂವರು ಬೇರೆ ಬೇರೆ ಸಾಲಿನಲ್ಲಿ ಕಂಡರೆ ಅವರು ಒಂದೇ ಮನೆಯವರೆಂದು ಹೆಸರು ಕೇಳದೆ ಹೇಳಬಹುದು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಬಟ್ಟೆಗೂ ಕಂಟ್ರೋಲು ಬಂತು. ಆ ವರ್ಷಗಳ ಫೋಟೊಗಳಲ್ಲಿ ತೇಪೆ ಹೆಚ್ಚು. ಇದೇ ಸೀಮೆಯ ಹೊದಿಗೆರೆಯಲ್ಲಿ 1944ರಲ್ಲಿ ಹುಟ್ಟಿದ ಕವಿ ಎಚ್.ಎಸ್. ವೆಂಕಟೇಶಮೂರ್ತಿ ಅವರ ವಾರಿಗೆಯವರು ಶಾಲೆಗೆ ಸೇರುವ ಹೊತ್ತಿಗೆ ತೇಪೆ ಕಡಿಮೆಯಾಗಿ, ಖಾಕಿ ಚಡ್ಡಿ ಬಂದಿತ್ತು.

ಅರವತ್ತರ ದಶಕದಲ್ಲಿ ಭದ್ರಾ ನಾಲೆಯ ನೀರು ಚನ್ನಗಿರಿ, ಹೊನ್ನಾಳಿ ಸೀಮೆಯ ಹೊಲಗಳಿಗೆ ಹರಿಯಿತು. ಜೋಳದ ಹೊಲ ಭತ್ತದ ಗದ್ದೆಯಾಯಿತು, ಮೇಲೆ ಅಡಿಕೆ ಎದ್ದಿತು. ಎಪ್ಪತ್ತರ ದಶಕದ ಹೈಸ್ಕೂಲು ಫೋಟೊಗಳನ್ನು ನಾಲೆಯ ಈಚೆಯವು, ಆಚೆಯವು ಎಂದು ಬೇರೆ ಮಾಡಬಹುದು. ಈಚೆ ಟೆರಿಲಿನ್ ಅಂಗಿ, ನಾಯಿಕಿವಿಯಂತೆ ಇಳಿಬಿದ್ದ ಕಾಲರು, ಪಾದ ಮುಚ್ಚುವ ಬೆಲ್‌ಬಾಟಮ್, ಒಬ್ಬಿಬ್ಬರ ಕೈಗೆ ವಾಚು. ಮಡಚಿದರೂ ಗೆರೆ ಬೀಳದ, ಒಗೆದ ಗಳಿಗೆಯಲ್ಲಿ ಒಣಗುವ ಆ ಬಟ್ಟೆ ತಂಬಿಗೆಯ ಇಸ್ತ್ರಿಯನ್ನು ಒಂದೇ ಏಟಿಗೆ ಮೂಲೆಗೆ ಸೇರಿಸಿತು. ಆಚೆ ಜಗಳೂರಿನಲ್ಲಿ ಇನ್ನೂ ಮುದುರಿದ ಹತ್ತಿಯಂಗಿ, ಹಿಂದಿನ ಸಾಲಿನ ತುದಿಯಲ್ಲಿ ಕಂಬಳಿ ಹೆಗಲ ಮೇಲೇ ಬಿಟ್ಟುಕೊಂಡು ನಿಂತ ಕುರಿಗಾಹಿ ಮನೆಯ ಹುಡುಗ. ಕುರಿ ಬಿಟ್ಟು ನೇರ ಶಾಲೆಗೆ ಬಂದಿದ್ದ ಅಂತ ಕಾಣುತ್ತದೆ. ಆ ತಾಲ್ಲೂಕಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆ ಕೈಗೂಡತೊಡಗಿದ್ದು ತೀರ ಇತ್ತೀಚೆಗೆ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಲಂಬಾಣಿಗರ ಸಂತ ಸೇವಾಲಾಲರ ಜನ್ಮಸ್ಥಳ. ಸುತ್ತಲಿನ ತಾಂಡಾಗಳಿಂದ ಶಾಲೆಗೆ ಬಂದ ಮೊದಲ ಹೆಣ್ಣುಮಕ್ಕಳ ಫೋಟೊಗಳನ್ನು ನೋಡುವಾಗ ನನಗೆ ಎರಡು ಮನಸ್ಸಾಗುತ್ತದೆ. ತಾಯಂದಿರದು ಕನ್ನಡಿ ಕೂಡಿಸಿದ ಕಾಂಚಳಿ ರವಿಕೆ, ಕಸೂತಿಯ ಪೇಟಿಯಾ ಲಂಗ, ಕವಡೆ, ಬೆಳ್ಳಿ, ಕೈತುಂಬ ಬಳೆ. ಒಂದೊಂದು ಹೊಲಿಗೆಗೂ ಹೆಸರಿರುವ ಕೆಲಸ. ಮಗಳದು ಬಿಳಿ ಅಂಗಿ, ನೀಲಿ ಲಂಗ, ಬರಿದಾದ ಕೊರಳು. ಉಳಿದ ಮಕ್ಕಳ ಜೊತೆ ಬೆರೆಯಲು, ಯಾರೂ ಬೆರಳು ತೋರಿಸದಂತೆ ಕೂರಲು ಆ ನೀಲಿ ಲಂಗ ಬೇಕಿತ್ತು, ಅದನ್ನು ತೊಟ್ಟು ಓದಿದವರು ಇಂದು ಅದೇ ಶಾಲೆಗಳಲ್ಲಿ ಮೇಡಂ ಆಗಿದ್ದಾರೆ. ಅದೇ ಹೊತ್ತಿಗೆ ಅವ್ವನ ಸೂಜಿಯಲ್ಲಿದ್ದ ವಿದ್ಯೆ ಮಗಳ ಕೈಗೆ ಬರಲಿಲ್ಲ. ಫೋಟೊದ ಅಂಚಿನಲ್ಲಿ, ಕಂಬದ ಪಕ್ಕ, ಯಾವಳೋ ತಾಯಿಯ ಪೇಟಿಯಾದ ತುದಿ ಅರ್ಧ ಸಿಕ್ಕಿಕೊಂಡಿರುವುದುಂಟು. ಫೋಟೊಗ್ರಾಫರು ಅವಳನ್ನು ಪಕ್ಕಕ್ಕೆ ಸರಿಯಲು ಹೇಳಿರಬೇಕು, ಅವಳು ಪೂರ್ತಿ ಸರಿದಿಲ್ಲ.

ಫೋಟೊದಲ್ಲಿ ಇಲ್ಲದವರೂ ಇದ್ದಾರೆ. ಮೈಸೂರು ಸಂಸ್ಥಾನ 1913ರಲ್ಲೇ ಪ್ರಾಥಮಿಕ ಶಿಕ್ಷಣದ ಕಾಯಿದೆ ಮಾಡಿತು. ಸರ್ಕಾರಿ ಶಾಲೆಗಳ ಬಾಗಿಲು ಎಲ್ಲ ಜಾತಿಯವರಿಗೂ ತೆರೆದಿರಬೇಕೆಂಬ ಆಜ್ಞೆಯೂ ಅದೇ ದಶಕದ್ದು. ಆದರೂ ನಲವತ್ತು, ಐವತ್ತರ ದಶಕದ ಫೋಟೊಗಳಲ್ಲಿ ಹೊಲಗೇರಿಯ ಮಕ್ಕಳು ಒಂದು ಕಡೆ, ಒಂದು ಗೇಣು ಅಂತರ ಬಿಟ್ಟು ನಿಂತಿರುವುದು ಕಾಣುತ್ತದೆ. ಆ ಗೇಣನ್ನು ಅಳೆದವರು ಯಾರು ಎಂದು ಫೋಟೊ ಹೇಳುವುದಿಲ್ಲ. ಅವತ್ತು ಹಾಕಿಕೊಳ್ಳಲು ಎರಡನೇ ಅಂಗಿ ಇಲ್ಲವೆಂದು ಶಾಲೆಗೇ ಬಾರದವರೂ ಇದ್ದರು. ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಫೋಟೊದಲ್ಲಿ ಮುಖವಿಲ್ಲದ ಮಕ್ಕಳು. ಅಂಥವರೊಬ್ಬರು, ಈಗ ಎಂಬತ್ತು ದಾಟಿದವರು, ಹೊನ್ನಾಳಿಯ ಹತ್ತಿರದ ಹಳ್ಳಿಯಲ್ಲಿ ನನಗೆ ಹೇಳಿದ್ದು ಇಷ್ಟೇ: ‘ಅವತ್ತು ನಾನು ಬೇಲಿಯಾಚೆ ನಿಂತು ನೋಡ್ತಿದ್ದೆ ಸಾಮಿ. ಯಾರ್‍ಯಾರು ಎಲ್ಲೆಲ್ಲಿ ಕುಂತಿದ್ರು ಅಂತ ಈಗಲೂ ಹೇಳ್ತೀನಿ.’ ಫೋಟೊ ತೋರಿಸಿದಾಗ ಒಬ್ಬರನ್ನೂ ಬಿಡದೆ ಹೆಸರು ಹೇಳಿದರು.

ಇದನ್ನು ನೆನೆದಾಗಲೇ ಸಮವಸ್ತ್ರದ ಬೆಲೆ ನನಗೆ ಅರ್ಥವಾಗುವುದು. ಎಲ್ಲರನ್ನೂ ಒಂದೇ ಥರ ಮಾಡಿಬಿಡುತ್ತದೆಂದು ಅದನ್ನು ಹಳಿಯುವವರಿದ್ದಾರೆ. ಬಿಳಿ ಅಂಗಿ ಖಾಕಿ ಚಡ್ಡಿ, ಆಮೇಲೆ ತಿಳಿನೀಲಿ ಅಂಗಿ ಕಡುನೀಲಿ ಚಡ್ಡಿ, ದೊಡ್ಡ ಹುಡುಗಿಯರಿಗೆ ಚೂಡಿದಾರ. ಸರ್ಕಾರವೇ ಬಟ್ಟೆ ಕೊಡಲು ತೊಡಗಿದ ಮೇಲೆ ಅಂಗಿ ಇಲ್ಲವೆಂಬ ಕಾರಣಕ್ಕೆ ಬೇಲಿಯಾಚೆ ನಿಲ್ಲುವ ಮಗು ಇಲ್ಲವಾಯಿತು. ಮುಂದೆ ಸರ್ಕಾರದ ಶೂ ಭಾಗ್ಯ ಯೋಜನೆ ಬಂದು, ಫೋಟೊದ ಕೆಳಸಾಲಿನ ಬರಿಗಾಲುಗಳು ಕರಿ ಶೂ, ಬಿಳಿ ಕಾಲುಚೀಲದೊಳಗೆ ಸೇರಿಕೊಂಡವು. ಇದು ದೊಡ್ಡ ಮಾತು. ಆದರೂ ಸಮವಸ್ತ್ರದೊಳಗೆ ಮನೆ ಕಾಣುವುದಿಲ್ಲವೆಂದಲ್ಲ. ಬಟ್ಟೆ ಸರ್ಕಾರದ್ದಾದರೂ ಹೊಲಿಗೆಯ ಕೂಲಿ ಮನೆಯದು, ಹಾಗಾಗಿ ಅಳತೆ ಇಂದಿಗೂ ನಾಲ್ಕು ಬೆರಳು ಹೆಚ್ಚು. ನೀಲಿ ಎಷ್ಟು ಮಾಸಿದೆ ಎಂಬುದರಲ್ಲಿ ಆ ಮನೆಯಲ್ಲಿ ಎಷ್ಟು ಜೊತೆ ಇದೆ ಎಂಬ ಲೆಕ್ಕವಿದೆ. ಒಂದೇ ಜೊತೆಯನ್ನು ದಿನಾ ರಾತ್ರಿ ಒಗೆದು ಹಾಕಿದ್ದು ದೀಪಾವಳಿಯ ಹೊತ್ತಿಗೇ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅಕ್ಕನ ಚೂಡಿದಾರ ಹಿಡಿಸಿ ಹೊಲಿದದ್ದಾದರೆ ಪಕ್ಕದ ಹೊಲಿಗೆ ದಪ್ಪವಾಗಿರುತ್ತದೆ.

ಈಗ ಫೋಟೊ ಹಿಡಿಯುವುದು ಮೇಡಂ ಅವರ ಮೊಬೈಲಿನಲ್ಲಿ. ಗಳಿಗೆಯೊಳಗೆ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಬರುತ್ತದೆ. ತಾಯಂದಿರು ಎರಡು ಬೆರಳಿನಿಂದ ದೊಡ್ಡದು ಮಾಡಿ ಮೊದಲು ನೋಡುವುದು ಮಗುವಿನ ಕಾಲರು ನೆಟ್ಟಗಿದೆಯೋ, ಗುಂಡಿ ಹಾಕಿಕೊಂಡಿದೆಯೋ ಎಂದು. ಸಾವಿರ ಫೋಟೊಗಳ ನಡುವೆ ಅದು ಆರು ತಿಂಗಳಲ್ಲಿ ಕಳೆದುಹೋಗುತ್ತದೆ. ಹಳೆಯವು ಬೇರೆ ರೀತಿಯಲ್ಲಿ ಹೋಗುತ್ತಿವೆ. ಸ್ಟುಡಿಯೋಗಳ ಗಾಜಿನ ಪ್ಲೇಟುಗಳನ್ನು ತೊಳೆದು ಗಾಜಾಗಿ ಮಾರಿದ್ದಾಯಿತು. ಶಾಲೆಗೆ ಸುಣ್ಣ ಹೊಡೆಯುವಾಗ ಇಳಿಸಿದ ಕಟ್ಟು ಮತ್ತೆ ಮೇಲೇರುವುದಿಲ್ಲ, ಸಾಮಾನು ಕೋಣೆಯಲ್ಲಿ ಗೆದ್ದಲು ಹಿಡಿಯುತ್ತದೆ. ಕೆಳಗೆ ಬರೆದ ಹೆಸರುಗಳ ಪಟ್ಟಿಯನ್ನೇ ಗೆದ್ದಲು ಮೊದಲು ತಿನ್ನುತ್ತದೆ, ಅಂಟು ಅಲ್ಲೇ ಇರುವುದರಿಂದ. ಮನೆಯಲ್ಲಿ ಇಂಥ ಫೋಟೊ ಇದ್ದವರು ಅದನ್ನು ಹಿರಿಯರ ಮುಂದೆ ಇಟ್ಟು ಹೆಸರುಗಳನ್ನು ಹಿಂದೆ ಪೆನ್ಸಿಲಿನಲ್ಲಿ ಬರೆದಿಡಬೇಕೆಂದು ಕೇಳಿಕೊಳ್ಳುತ್ತೇನೆ. ಹೆಸರಿನ ಜೊತೆಗೆ ಬಟ್ಟೆಯ ಬಣ್ಣವನ್ನೂ ಕೇಳಿ. ಯಾರು ಹೊಲಿದದ್ದು, ಯಾರದಾಗಿತ್ತು, ಆಮೇಲೆ ಯಾರಿಗೆ ಹೋಯಿತು ಎಂದೂ ಕೇಳಿ. ಹೆಸರು ಮರೆತವರಿಗೂ ಬಟ್ಟೆ ನೆನಪಿರುತ್ತದೆ.

ನ್ಯಾಮತಿಯಲ್ಲಿ ಒಬ್ಬ ಅಜ್ಜಿಯ ಮುಂದೆ ಹೀಗೆ ಕೂತಿದ್ದೆ. ತಾನು ಮೂರನೇ ಸಾಲಿನಲ್ಲಿದ್ದ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು ಅವರು ಹೇಳುತ್ತಾ ಹೋದರು. ‘ಇದು ಹಸಿರು ಪೋಲ್ಕ ಕಣಪ್ಪ, ಇದ್ರಾಗೆ ಕರ್‍ರಗೆ ಕಾಣ್ತೈತೆ. ನಮ್ಮಕ್ಕಂದು. ಅಕ್ಕನ ಮದುವೆ ಆದ್ಮೇಲೆ ತೋಳು ಬಿಚ್ಚಿ ನಂಗೆ ಹೊಲಿಸಿದ್ರು. ಮರುವರ್ಷ ನಮ್ ತಂಗಿಗೆ ಕೊಟ್ಟಿದ್ದು. ಅವಳ ಫೋಟೊದಾಗೂ ಇದೇ ಪೋಲ್ಕ ಐತೆ, ಜಗಳೂರಿಗೆ ಕೊಟ್ಟೀವಿ ಅವಳನ್ನ, ಅಲ್ಲಿಗೆ ಹೋದ್ರೆ ನೋಡು. ಬಲಗಡೆ ಕಂಕುಳ ಹತ್ರ ಒಂದು ಸಣ್ಣ ತೇಪೆ ಇರಬೇಕು, ನಾನೇ ಹಾಕಿದ್ದು.’